ಹಾಲಿನ ಕ್ರೇಟಿನ ಮೇಲೆ ಕೂತು ನೋಡಿದ ಇಟಲಿ

ಕಳೆದ ತಿಂಗಳು ಗೆಳತಿಯ ಮಗುವಿನ ನಾಮಕರಣಕ್ಕೆಂದು ನ್ಯೂಜಿಲೆಂಡಿನ ಪಾಮರ್ಸ್ಟನ್ ನಾರ್ತ್‌ನಿಂದ ಲೋವರ್ ಹಟ್‌ಗೆ ಹೋಗಿದ್ದೆ. ಅದೇ ಹಳೆಯ ಸಮುದಾಯ ಭವನ. ಬಾಗಿಲು ತಳ್ಳಿದ ಕೂಡಲೇ ಗ್ಯಾಸ್ ಹೀಟರಿನ ವಾಸನೆ, ಒದ್ದೆ ಉಣ್ಣೆ ಕೋಟುಗಳ ವಾಸನೆ, ಅವೆರಡರ ನಡುವೆ ಸುಟ್ಟ ಕಾಫಿಯ ವಾಸನೆ ಮೂಗಿಗೆ ಬಡಿದವು. ಮೂರು ವರ್ಷದ ಹಿಂದಿನ ಒಂದು ಚಳಿಗಾಲ ಇಡಿಯಾಗಿ ಎದ್ದು ನಿಂತಿತು. ಎದುರು ಗೋಡೆಯ ಮೇಲೆ ಹೊಸ ಪೋಸ್ಟರ್ ಅಂಟಿಸಿದ್ದರು: ‘ಇಟಲಿಯ ಸಿನಿಮಾ, ಕನ್ನಡದ ದನಿಯಲ್ಲಿ. ಪರಿಕಲ್ಪನೆ ಮತ್ತು ನಿರೂಪಣೆ: ಜೋಶಿ.’ ಕೆಳಗೆ ಜೋಶಿ ಅಂಕಲ್‌ರ ಫೋಟೊ, ಕುತ್ತಿಗೆಗೆ ಅದೇ ಕೆಂಪು ಸ್ಕಾರ್ಫ್.

ಪರಿಕಲ್ಪನೆ ಜೋಶಿ ಅಂಕಲ್‌ರದ್ದಂತೆ. ಬೇರೆ ಯಾರಾದರೂ ಓದಿದ್ದರೆ ನಕ್ಕು ಮುಂದೆ ಹೋಗುತ್ತಿದ್ದರು. ನನಗೆ ದಿನಚರಿ ಬರೆಯುವ ಚಟ. ಯಾವ ಭಾನುವಾರ ಎಷ್ಟು ಜನ ಬಂದರು, ಎಷ್ಟು ಜನ ನಿದ್ದೆ ಹೋದರು ಎಂದು ಬರೆದಿಡುವವಳಿಗೆ ಇಂಥ ಪೋಸ್ಟರ್ ಕಂಡರೆ ಸುಮ್ಮನಿರಲು ಆಗುವುದಿಲ್ಲ.

ಆ ವರ್ಷ ನಾನು ಲೋವರ್ ಹಟ್‌ನ ಒಂದು ಪ್ರಯೋಗಾಲಯದಲ್ಲಿ ಮಣ್ಣಿನ ಮಾದರಿ ಪರೀಕ್ಷಿಸುವ ಕೆಲಸದಲ್ಲಿದ್ದೆ. ಜೂನ್ ಬಂತೆಂದರೆ ಅಲ್ಲಿ ಚಳಿಗಾಲ, ಭಾನುವಾರ ಮಾಡಲು ಏನೂ ಇರಲಿಲ್ಲ. ದಕ್ಷಿಣದ ಗಾಳಿ ಮಳೆಯನ್ನು ಅಡ್ಡಡ್ಡ ಹೊಡೆಯುತ್ತಿತ್ತು. ಛತ್ರಿ ಹಿಡಿದವರನ್ನು ನೋಡಿದರೆ ಈ ದೇಶಕ್ಕೆ ಮೊನ್ನೆ ಮೊನ್ನೆ ಬಂದವರೆಂದು ತಿಳಿಯುತ್ತಿತ್ತು. ಅಂಥ ಹೊತ್ತಿನಲ್ಲಿ ನಮ್ಮ ಕನ್ನಡ ಬಳಗದ ಅಧ್ಯಕ್ಷರಾದ ಜೋಶಿ ಅಂಕಲ್ ಇಟಾಲಿಯನ್ ಸಿನಿಮಾ ಹಬ್ಬ ಸಾರಿದರು. ಹದಿನೈದು ದಿನಕ್ಕೊಮ್ಮೆ ಭಾನುವಾರ ಮಧ್ಯಾಹ್ನ ಎರಡಕ್ಕೆ, ಜೂನ್‌ನಿಂದ ಆಗಸ್ಟ್‌ವರೆಗೆ.

ಅಂಕಲ್ ಧಾರವಾಡದವರು, ಚರಂಡಿ ವಿನ್ಯಾಸದ ಎಂಜಿನಿಯರ್. ಆ ಕೆಲಸದಲ್ಲಿ ಅವರು ನಿಜಕ್ಕೂ ಜಾಣರಂತೆ. ಅಷ್ಟಕ್ಕೇ ನಿಂತಿದ್ದರೆ ಅವರ ಬಗ್ಗೆ ನನಗೆ ಗೌರವ ಉಳಿಯುತ್ತಿತ್ತು. ಇಟಲಿಯ ಜೊತೆ ಅವರಿಗಿದ್ದ ನಂಟೆಂದರೆ ಒಮ್ಮೆ ವಿಮಾನ ಬದಲಿಸಲು ಮಿಲಾನ್ ನಿಲ್ದಾಣದಲ್ಲಿ ಐದು ತಾಸು ಕೂತಿದ್ದು. ಅಲ್ಲಿಂದ ಒಂದು ಸ್ಕಾರ್ಫ್ ತಂದರು. ಕಾಫಿಯ ಬಗ್ಗೆ ಅಭಿಪ್ರಾಯವನ್ನೂ ತಂದರು. ಭವನಕ್ಕೆ ತಮ್ಮ ಎಸ್ಪ್ರೆಸೊ ಯಂತ್ರ ಹೊತ್ತು ತಂದು ನಮಗೆಲ್ಲ ಗುಟುಕು ಗುಟುಕು ಕಹಿ ಕೊಟ್ಟು, “ಸಕ್ರಿ ಕೇಳಬ್ಯಾಡ್ರಿ, ಇದು ಸಂಸ್ಕೃತಿ” ಎಂದರು. ಕೇಳಿದವರು ಸಕ್ಕರೆಯನ್ನು ಕೋಟಿನ ಜೇಬಿನಲ್ಲಿ ತರತೊಡಗಿದರು.

ಪ್ರತಿ ಚಿತ್ರಕ್ಕೆ ಮೊದಲು ಭಾಷಣ. ಇತಿಹಾಸ ದೊಡ್ಡದೇ, ಒಪ್ಪುತ್ತೇನೆ. ಯುದ್ಧ ಮುಗಿದಾಗ ರೋಮಿನ ಹೊರಗಿನ ದೊಡ್ಡ ಸ್ಟುಡಿಯೊದಲ್ಲಿ ನಿರಾಶ್ರಿತರು ತುಂಬಿದ್ದರು. ಸಿನಿಮಾದವರು ಕ್ಯಾಮೆರಾ ಹೊತ್ತು ಬೀದಿಗೆ ಬಂದರು. ತುಂಡು ತುಂಡು ಫಿಲ್ಮ್, ಕೈಕೊಡುವ ವಿದ್ಯುತ್ತು, ನಟನೆ ಕಲಿಯದ ಮುಖಗಳು. ಇಲ್ಲದಿದ್ದುದನ್ನೇ ಬಂಡವಾಳ ಮಾಡಿಕೊಂಡು ಜಗತ್ತಿಗೆ ಬೇರೊಂದು ಬಗೆಯ ಸಿನಿಮಾ ತೋರಿಸಿದರು. ಆಮೇಲೆ ಊರು ಚೇತರಿಸಿಕೊಂಡಾಗ ತಮ್ಮನ್ನೇ ಗೇಲಿ ಮಾಡಿಕೊಳ್ಳುವ ಹಾಸ್ಯ ಚಿತ್ರಗಳು ಬಂದವು. ಅದರ ಬೆನ್ನಿಗೆ ಸ್ಪೇನಿನ ಬಂಜರು ನೆಲದಲ್ಲಿ ಅಮೆರಿಕ ಕಟ್ಟಿ ತೆಗೆದ ಕೌಬಾಯ್ ಚಿತ್ರಗಳು. ಇಷ್ಟನ್ನು ಹತ್ತು ನಿಮಿಷದಲ್ಲಿ ಹೇಳಿದ್ದರೆ ಜನ ನೆನಪಿಟ್ಟುಕೊಳ್ಳುತ್ತಿದ್ದರು. ಅಂಕಲ್ ಮುಕ್ಕಾಲು ತಾಸು ತೆಗೆದುಕೊಂಡು, ಅದರಲ್ಲಿ ಅರ್ಧವನ್ನು ‘ಆತ್ಮ’ ಎಂಬ ಒಂದೇ ಪದಕ್ಕೆ ವ್ಯಯಿಸಿದರು. ಮೊದಲ ಭಾನುವಾರ ಬಂದವರು ಮೂವತ್ತನಾಲ್ಕು. ಭಾಷಣದಲ್ಲೇ ನಿದ್ದೆ ಹೋದವರು ಒಂಬತ್ತು. ಮಕ್ಕಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅವರು ಹಿಂದಿನ ಮೂಲೆಯಲ್ಲಿ ಫೋನ್ ಹಿಡಿದು ಆಗಾಗ “ಡ್ಯಾಡ್, ಈಸ್ ಇಟ್ ಓವರ್?” ಎನ್ನುತ್ತಿದ್ದರು. ಅಷ್ಟು ಪ್ರಾಮಾಣಿಕವಾದ ವಿಮರ್ಶೆ ಆ ಭವನದಲ್ಲಿ ಬೇರೆ ಯಾರೂ ಮಾಡಲಿಲ್ಲ.

ದೊಡ್ಡವರಿಗೆ ಚಿತ್ರ ಹಿಡಿಸಲಿಲ್ಲವೆಂದಲ್ಲ. ಊಟದ ಮೇಜಿನ ಸುತ್ತ ಎಲ್ಲರೂ ಒಟ್ಟಿಗೇ ಮಾತಾಡುವುದು, ತಾಯಿ ಬಡಿಸುತ್ತ ಬಯ್ಯುವುದು, ಮದುವೆಯ ಮಾತು ಬಂದರೆ ಓಣಿಯ ಕಿಟಕಿಗಳೆಲ್ಲ ತೆರೆದುಕೊಳ್ಳುವುದು, ಇವನ್ನು ನಮ್ಮವರಿಗೆ ಯಾರೂ ವಿವರಿಸಬೇಕಿರಲಿಲ್ಲ. ಆದರೆ ಮಾತು ತಿಳಿಯಬೇಕಲ್ಲ. ಚಿತ್ರ ಇಟಾಲಿಯನ್, ಕೆಳಗೆ ಓಡುವ ಅಕ್ಷರ ಇಂಗ್ಲಿಷ್. ಮಕ್ಕಳ ಮನೆಗೆಂದು ಊರಿಂದ ಬಂದ ಹಿರಿಯರಿಗೆ ಎರಡೂ ದೂರ.

ಅವರಲ್ಲೊಬ್ಬರು ಅಂಬಕ್ಕಜ್ಜಿ, ಸ್ವತಃ ಜೋಶಿ ಅಂಕಲ್‌ರ ತಾಯಿ. ಆರು ತಿಂಗಳಿಗೆಂದು ಧಾರವಾಡದಿಂದ ಬಂದಿದ್ದರು. ವಾರವಿಡೀ ಮಗ ಸೊಸೆ ಕೆಲಸಕ್ಕೆ ಹೋದ ಮನೆಯಲ್ಲಿ ಹೀಟರಿನ ಜೊತೆ ಮಾತಾಡಿಕೊಂಡಿರುತ್ತಿದ್ದರು. ಅಧ್ಯಕ್ಷರ ತಾಯಿಯೆಂದು ಅವರನ್ನು ಮೊದಲ ಸಾಲಿನ ನಡುಮಧ್ಯೆ ಕೂರಿಸಲಾಗಿತ್ತು. ಎರಡನೆಯ ಚಿತ್ರದ ದಿನ ಅವರು ಮಗನನ್ನು ಕೇಳಿದ್ದು ಇಡೀ ಭವನಕ್ಕೆ ಕೇಳಿಸಿತು.

“ಪಾಂಡು, ಆ ಮುದುಕಾ ಯಾಕ ಅಳಲಿಕ್ಕೆ ಹತ್ಯಾನ?”

“ಅಮ್ಮಾ, ಇದರಾಗ ಕಥಿ ಮುಖ್ಯ ಅಲ್ಲ.”

“ಕಥಿ ಮುಖ್ಯ ಅಲ್ಲಂದ್ರ ಎರಡು ತಾಸು ಯಾಕ ಕುಂಡ್ರಿಸಿದಿ?”

ಮೂರನೆಯ ಚಿತ್ರಕ್ಕೆ ಅಜ್ಜಿ ಕೋಲೂರಿಕೊಂಡು ನೇರ ಕೊನೆಯ ಸಾಲಿಗೆ ಹೋಗಿ ರೆಹಾನಾ ಆಂಟಿಯ ಪಕ್ಕ ಕೂತರು.

ರೆಹಾನಾ ಆಂಟಿ ಗದಗಿನವರು. ನಾನಿದ್ದ ಫ್ಲಾಟಿನ ಬೀದಿಯ ಮೂಲೆಯಲ್ಲಿ ಅವರದ್ದೂ ಅವರ ಗಂಡ ಇಕ್ಬಾಲ್ ಅಂಕಲ್‌ರದ್ದೂ ಡೇರಿ ಇತ್ತು. ಹಾಲು, ಬ್ರೆಡ್ಡು, ಒಳಗೆ ಹೂರಣ ತುಂಬಿ ಬೇಯಿಸಿದ ಬಿಸಿ ಪೈ, ಪತ್ರಿಕೆ, ಮಕ್ಕಳ ಮಿಠಾಯಿ ಮಾರುವ ಅಂಗಡಿ. ಭಾನುವಾರ ಮಧ್ಯಾಹ್ನ ಗಂಡನನ್ನು ಕೌಂಟರಿನಲ್ಲಿ ನಿಲ್ಲಿಸಿ ಸಿನಿಮಾಗೆ ಬರುತ್ತಿದ್ದರು. ದಿನಕ್ಕೆ ನೂರು ಗಿರಾಕಿಗಳ ಜೊತೆ ಮಾತಾಡಿ ಅವರ ಇಂಗ್ಲಿಷ್ ಚುರುಕಾಗಿತ್ತು. ಅಜ್ಜಿ ಕೇಳಿದ್ದಕ್ಕೆ ಮೆಲ್ಲಗೆ “ಅಂವ ಸಾಲ ಕೇಳಾಕ ಬಂದಾನ್ರಿ, ಆಕಿ ಇಲ್ಲಂತಾಳ” ಎಂದು ಶುರು ಮಾಡಿದರು. ಹತ್ತು ನಿಮಿಷದಲ್ಲಿ ಆ ‘ಅಂತಾನ, ಅಂತಾಳ’ ಬಿದ್ದುಹೋದವು. ಆಂಟಿ ನೇರ ಪಾತ್ರವಾಗಿಯೇ ಮಾತಾಡತೊಡಗಿದರು. ಪಾದ್ರಿಗೆ ಮೂಗಿನ ದನಿ. ಮೀನು ಮಾರುವವಳಿಗೆ ಗದಗ ಬಸ್ ನಿಲ್ದಾಣದಲ್ಲಿ ಚುರಮುರಿ ಮಾರುವವಳ ದನಿ. ಪರದೆಯ ಮೇಲೆ ದಪ್ಪ ಹೆಂಗಸೊಬ್ಬಳು ಕಿಟಕಿಯಿಂದ ಬಗ್ಗಿ ಗಂಡನಿಗೆ ಕೂಗಿದಾಗ, “ಬಾರಪಾ ಮಹಾರಾಜಾ, ನಿಮ್ಮಪ್ಪನ ಆಸ್ತಿ ಕರಗಿತೇನು?” ಎಂದು ಕೊನೆಯ ಸಾಲಿನಿಂದ ಬಂತು. ಹಿರಿಯರೆಲ್ಲ ಒಮ್ಮೆಲೇ ತಿರುಗಿ ನೋಡಿದರು. ಆಮೇಲೆ ಕುರ್ಚಿಗಳು ಹಿಂದಕ್ಕೆ ಸರಿಯತೊಡಗಿದವು.

ನಾಲ್ಕನೆಯ ಚಿತ್ರದ ದಿನ ಆಂಟಿಯ ಸುತ್ತ ಹನ್ನೊಂದು ಕುರ್ಚಿ. ಅದು ಉದ್ದದ ಚಿತ್ರ, ಎರಡು ಭಾನುವಾರಕ್ಕೆ ಹಂಚಿದ್ದರು. ದಕ್ಷಿಣದ ಒಂದು ಬಡ ಊರು. ಬಟ್ಟೆ ಒಗೆದು ಬದುಕುವ ತಾಯಿ, ಅವಳ ಮಗಳು ರೋಸಾ. ರೋಸಾಗೆ ಉತ್ತರದ ಪಟ್ಟಣದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ತಾಯಿ ಬೇಡವೆನ್ನುವುದಿಲ್ಲ, ಹೋಗೆಂದೂ ಹೇಳುವುದಿಲ್ಲ. ಹೊರಡುವ ಬೆಳಿಗ್ಗೆ ರೋಸಾಳ ಬೂಟುಗಳು ಕಾಣೆಯಾಗಿರುತ್ತವೆ. ಅಲ್ಲಿಗೆ ಮೊದಲ ಭಾಗ ಮುಗಿಯಿತು. “ತಾಯೀನ ಮುಚ್ಚಿಟ್ಟಾಳ” ಎಂದರು ಅಂಬಕ್ಕಜ್ಜಿ. “ನನಗೂ ಹಂಗ ಅನ್ನಸ್ತೈತಿ” ಎಂದರು ರೆಹಾನಾ ಆಂಟಿ.

ದೀಪ ಹಾಕಿದ ಮೇಲೆ ಜೋಶಿ ಅಂಕಲ್ ಮೈಕ್ ಹಿಡಿದರು. ಅವರ ಎದುರು ಮೊದಲೆರಡು ಸಾಲು ಹೆಚ್ಚುಕಡಿಮೆ ಖಾಲಿ. ಮುಖ ಆ ಸ್ಕಾರ್ಫಿನ ಬಣ್ಣಕ್ಕೆ ತಿರುಗಿತ್ತು.

“ಹಿಂದಿನ ಸಾಲಿನ ಗದ್ದಲದ ಬಗ್ಗೆ ಒಂದು ಮಾತು. ಕಾಲೇಜಿನ್ಯಾಗ ಡಬ್ಬಿಂಗ್ ವಿರುದ್ಧದ ಮೆರವಣಿಗ್ಯಾಗ ನಾನೂ ಹೋದಾಂವ. ಮೂಲ ಧ್ವನಿ ಅಂದ್ರ ಕಲಾವಿದನ ಉಸಿರು. ಹೋದ ಸಲದ ಚಿತ್ರದಾಗ ಆ ಬೆಸ್ತನ ದನಿ ಕೇಳಿದ್ರಲ್ಲ, ಅದರಾಗ ಸಮುದ್ರದ ಉಪ್ಪು ಇತ್ತು. ಅದರ ಮ್ಯಾಲೆ ನಮ್ಮದನ್ನ ಮೆತ್ತೂದು ಅಪಚಾರ. ಮತ್ತ ಕನ್ನಡ ಅಂದ ಮ್ಯಾಲೆ ಅದಕ್ಕೊಂದು ಮಟ್ಟ ಇರಬೇಕಲ್ಲ. ಸಂತಿ ಭಾಷಾ ಸಂತ್ಯಾಗಿರಲಿ.”

ಹನ್ನೊಂದು ಕುರ್ಚಿಯವರೂ ತಮ್ಮ ತಮ್ಮ ತಿಂಡಿ ಡಬ್ಬಿಗಳ ಮುಚ್ಚಳ ಪರೀಕ್ಷಿಸುತ್ತ ಕೂತರು. ರೆಹಾನಾ ಆಂಟಿ ಎಲ್ಲರಿಗೆಂದು ತಂದಿದ್ದ ಸಮೋಸದ ತಟ್ಟೆಯನ್ನು ಮೇಜಿನ ಮೇಲೇ ಬಿಟ್ಟು, ಕೋಟು ಹಾಕಿಕೊಂಡು ಹೊರಟರು. ಅವರು ಬಾಗಿಲು ಮುಚ್ಚಿದ ಮೇಲೆ ಜನ ಸಮೋಸ ತಿಂದರು. ಒಂದೂ ಉಳಿಯಲಿಲ್ಲ.

ಮರುವಾರ ನಾನು ಇಟಲಿಯ ಸಿನಿಮಾದ ಬಗ್ಗೆ ಓದಿಕೊಂಡು ಬಳಗದ ಸಮಿತಿ ಸಭೆಗೆ ಹೋದೆ. ಅಂಕಲ್ ಉಪ್ಪು ಕಂಡ ಆ ಬೆಸ್ತ ನಿಜಕ್ಕೂ ಬೆಸ್ತನೇ, ಆದರೆ ದನಿ ಅವನದಲ್ಲ. ಆ ಕಾಲದ ಇಟಲಿಯಲ್ಲಿ ಬೀದಿಯಲ್ಲಿ ಚಿತ್ರ ತೆಗೆದು, ಮಾತನ್ನು ಆಮೇಲೆ ರೋಮಿನ ಕೋಣೆಯೊಂದರಲ್ಲಿ ಬೇರೆಯವರಿಂದ ಸೇರಿಸುವುದು ವಾಡಿಕೆ. ಮುಖ ಒಬ್ಬರದು, ಗಂಟಲು ಇನ್ನೊಬ್ಬರದು. ಕೌಬಾಯ್ ಚಿತ್ರಗಳಲ್ಲಂತೂ ಒಬ್ಬೊಬ್ಬ ನಟ ತನ್ನ ತನ್ನ ಭಾಷೆಯಲ್ಲಿ ಮಾತಾಡುತ್ತಿದ್ದ. ಮಾತು ಇನ್ನೂ ಬರೆದಿಲ್ಲದಾಗ ಬರೀ ಅಂಕಿ ಎಣಿಸಿದವರೂ ಉಂಟು. ದನಿ ಕೊಡುವುದು ಅಲ್ಲಿ ಮನ್ನಣೆಯ ಕಸುಬು, ಅಪ್ಪನಿಂದ ಮಗಳಿಗೆ ಬಂದ ಮನೆತನಗಳೇ ಇವೆ. ಅಂಕಲ್ ತಲೆಯ ಮೇಲೆ ಹೊತ್ತು ಮೆರೆಸಿದ ಸಿನಿಮಾ ಮೊದಲಿಂದ ಕೊನೆಯವರೆಗೆ ಡಬ್ಬಿಂಗ್ ಸಿನಿಮಾ. ಇಷ್ಟನ್ನೂ ಸಭೆಯಲ್ಲಿ ಹೇಳಿದೆ.

ಅಂಕಲ್ ಸ್ಕಾರ್ಫ್ ಸರಿಮಾಡಿಕೊಂಡರು. ಆಮೇಲೆ, “ಅದು ಆರ್ಟಿಸ್ಟಿಕ್ ಡಬ್ಬಿಂಗ್, ವಿದ್ಯಾ. ಬ್ಯಾರೆ” ಎಂದರು.

“ಏನು ಬ್ಯಾರೆ ಅಂಕಲ್?”

“ಅದನ್ನ ತಿಳಕೊಳ್ಳಾಕ ಒಂದು ಸಂಸ್ಕಾರ ಬೇಕು.”

ಸಮಿತಿಯ ಉಳಿದ ನಾಲ್ವರು ತಲೆಯಾಡಿಸಿದರು. ಅವರಲ್ಲಿ ಮೂವರು ಸಮೋಸ ತಿಂದವರು. ಓದಿದ್ದರಿಂದ ವಾದ ಗೆಲ್ಲಬಹುದೆಂಬ ನನ್ನ ನಂಬಿಕೆ ಆ ಸಂಜೆಗೆ ಮುಗಿಯಿತು.

ಎರಡು ದಿನದ ಮೇಲೆ ಅಂಬಕ್ಕಜ್ಜಿಯ ಫೋನ್ ಬಂತು. ಎರಡನೆಯ ಭಾಗ ಮುಂದಿನ ಭಾನುವಾರವಿತ್ತು. ಅಜ್ಜಿ ಊರಿಗೆ ಮರಳುವ ವಿಮಾನ ಅದರ ಮರುದಿನದ ಮರುದಿನ.

“ಆ ಹುಡುಗಿಗೆ ಬೂಟು ಸಿಗತಾವೇನು?”

“ನಾ ನೋಡಿಲ್ಲ ಅಜ್ಜಿ. ನೋಡಿ ನಿಮಗ ಫೋನಿನ್ಯಾಗ ಹೇಳ್ತೀನಿ.”

“ನೀ ಹೇಳೂದು ಬ್ಯಾಡ. ನೀ ಹೇಳಿದ್ರ ರಕ್ತಾ ಚೆಕ್ ಮಾಡಿದ ರಿಪೋರ್ಟ್ ಓದಿದಂಗಾಗ್ತದ. ಆಕಿ ಹೇಳಬೇಕು.” ಮತ್ತೆ ತಾವೇ ಅಂದರು, “ಪಾಂಡುನ್ನ ಕೇಳಿದೆ. ಬೂಟು ಅಂದ್ರ ಬೂಟಲ್ಲ, ಸಂಕೇತ ಅಂದ. ಸಂಕೇತ ಇಲ್ಲದ ಬರಿಗಾಲಿಲೆ ಹ್ಯಾಂಗ ಹೋಗ್ತಾಳ ಆ ಹುಡುಗಿ, ಅದನ್ನರ ಹೇಳು ಅಂದೆ. ಸಿಟ್ಟಿಗೆದ್ದ.”

ಡೇರಿಗೆ ಹೋದೆ. ರೆಹಾನಾ ಆಂಟಿ ಪೈ ಬಿಸಿ ಮಾಡುವ ಪೆಟ್ಟಿಗೆ ಒರೆಸುತ್ತಿದ್ದರು. ತಿಂಗಳ ಕೊನೆಗೆ ಅಂಗಡಿ ಬೇರೆಯವರ ಕೈಗೆ ಹೋಗುವುದಿತ್ತು. ಅವರು ಆಕ್ಲೆಂಡಿನ ಹೆಂಡರ್ಸನ್‌ಗೆ, ತಮ್ಮನ ಮನೆಯ ಹತ್ತಿರಕ್ಕೆ ಹೊರಟಿದ್ದರು.

“ನಾ ಬರಂಗಿಲ್ಲ” ಎಂದರು, ನಾನು ಬಾಯಿ ತೆರೆಯುವ ಮೊದಲೇ.

“ಅಜ್ಜಿ ಮಂಗಳವಾರ ಹೊಂಟಾರ, ಆಂಟಿ.”

“ಹೋಗಿ ಬರ್ಲಿ. ನನ್ನ ಭಾಷಾ ಸಂತಿ ಭಾಷಾ ಅಂದ್ರು. ಖರೇನ ಅಂದ್ರು. ನಮ್ಮವ್ವ ಸಂತ್ಯಾಗ ಬಳಿ ಮಾರಿ ನನ್ನ ಓದಿಸ್ಯಾಳ. ಆದ್ರ ಅದನ್ನ ಮೈಕಿನ್ಯಾಗ ಹೇಳಬೇಕಿತ್ತೇನು, ಅಷ್ಟು ಮಂದಿ ಮುಂದ? ಒಬ್ರರ ಬಾಯಿ ಬಿಟ್ರೇನು?” ಬಟ್ಟೆ ಹಿಂಡಿದರು. ನಾನೂ ಆ ದಿನ ಬಾಯಿ ಬಿಟ್ಟಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಪೈ ಪೆಟ್ಟಿಗೆಯ ಗಾಜಿನ ಹಿಂದಿನಿಂದಲೇ ಅಂದರು, “ಆ ಭವನದಾಗ ನಾ ಕಾಲಿಡಂಗಿಲ್ಲ. ಅಂಗಡಿ ಅಂತೂ ಇಲ್ಲೇ ಐತಿ. ಯಾರು ಬಂದ್ರೂ ಬ್ಯಾಡ ಅನ್ನಾಕ ಆಗತೈತೇನು, ಡೇರಿಗೆ?”

ಅದೇ ಚಿತ್ರದ ಇನ್ನೊಂದು ಡಿವಿಡಿ ವೆಲಿಂಗ್ಟನ್‌ನ ಲೈಬ್ರರಿಯೊಂದರಲ್ಲಿ ಸಿಕ್ಕಿತು. ಅದನ್ನು ಓಡಿಸುವ ಯಂತ್ರ ನನ್ನ ಫ್ಲಾಟ್‌ಮೇಟ್‌ನ ಹಳೆಯ ಪೆಟ್ಟಿಗೆಯಲ್ಲಿತ್ತು. ಭಾನುವಾರ ಅಜ್ಜಿ ಮಗನಿಗೆ ಮೊಣಕಾಲು ನೋವೆಂದರು. ಮಗ ಕಾಫಿ ಯಂತ್ರ ಕಾರಿಗೇರಿಸಿ ಹೋದ ಹತ್ತು ನಿಮಿಷಕ್ಕೆ ನಾನು ಹೋಗಿ ಅವರನ್ನು ಕರೆತಂದೆ. ಮೊಣಕಾಲಿಗೆ ಏನೂ ಆಗಿರಲಿಲ್ಲ. ಕಾರಿನಿಂದ ನನಗಿಂತ ಮೊದಲು ಇಳಿದರು.

ಕೌಂಟರಿನ ಹಿಂದೆ, ಬಾಗಿಲಿಲ್ಲದ ಉಗ್ರಾಣದಲ್ಲಿ ಹಾಲಿನ ಕ್ರೇಟುಗಳನ್ನು ಬೋರಲು ಹಾಕಿ ಮೇಲೆ ಕಂಬಳಿ ಹಾಸಿದ್ದರು. ಚಿಪ್ಸ್ ಡಬ್ಬಗಳ ಮೇಲೆ ನನ್ನ ಲ್ಯಾಪ್‌ಟಾಪ್. ಒಂದು ಕಡೆ ಫ್ರೀಜರಿನ ಗುಯ್ ಸದ್ದು, ಇನ್ನೊಂದು ಕಡೆ ಪೈ ವಾಸನೆ. ಚಿತ್ರ ಶುರುವಾಗುವ ಮೊದಲೇ ಬಾಗಿಲ ಗಂಟೆ ಟಿಣ್ ಎಂದಿತು. ಹನ್ನೊಂದು ಕುರ್ಚಿಯ ಪೈಕಿ ಮೂವರು, ಕೈಯಲ್ಲಿ ಡಬ್ಬಿ. ಅಜ್ಜಿ ಎಷ್ಟು ಜನಕ್ಕೆ ಫೋನ್ ಮಾಡಿದ್ದರೋ. ಸ್ವಲ್ಪ ಹೊತ್ತಿಗೆ ಇನ್ನೂ ನಾಲ್ವರು ಬಂದರು. ಯಾರೂ ಹೋದ ಸಲದ ಮಾತು ಎತ್ತಲಿಲ್ಲ. ಕ್ಷಮೆ ಕೇಳುವುದಕ್ಕಿಂತ ಚಕ್ಕುಲಿ ತರುವುದು ನಮ್ಮವರಿಗೆ ಸುಲಭ. ರೆಹಾನಾ ಆಂಟಿ ಆ ಡಬ್ಬಿಗಳನ್ನು ಒಂದೊಂದಾಗಿ ನೋಡಿದರು, ಕ್ರೇಟು ತೋರಿಸಿದರು.

ಆಮೇಲೆ ಶುರು ಮಾಡಿದರು. ರೋಸಾ ಮನೆಯೆಲ್ಲ ಹುಡುಕುತ್ತಾಳೆ, ನೆರೆಯವರನ್ನು ಕೇಳುತ್ತಾಳೆ, ಚಮ್ಮಾರನ ಹತ್ತಿರ ಬೇಡುತ್ತಾಳೆ. ಗಂಟೆ ಟಿಣ್ ಎಂದಾಗಲೆಲ್ಲ ನಾನು ಚಿತ್ರ ನಿಲ್ಲಿಸುತ್ತಿದ್ದೆ. ಇಕ್ಬಾಲ್ ಅಂಕಲ್ ಗಿರಾಕಿಗೆ ಚಿಲ್ಲರೆ ಕೊಟ್ಟು, “ಹೂಂ, ಮುಂದ?” ಎನ್ನುತ್ತಿದ್ದರು. ಆ ದೇಶದವನೇ ಆದ ಒಬ್ಬ ಮುದುಕ ಪತ್ರಿಕೆ ಕೊಳ್ಳಲು ಬಂದು, ಕೌಂಟರಿಗೆ ಮೊಣಕೈ ಊರಿ ನಿಂತು, ಇಟಾಲಿಯನ್ನೂ ಕನ್ನಡವೂ ತಿಳಿಯದೆ ಕಾಲು ತಾಸು ನೋಡಿ, “ಷೀಸ್ ಗುಡ್, ಯುವರ್ ಮಿಸೆಸ್” ಎಂದು ಇಕ್ಬಾಲ್ ಅಂಕಲ್‌ಗೆ ಹೇಳಿ ಹೋದ.

ಕೊನೆಗೆ ರೋಸಾ ಬರಿಗಾಲಲ್ಲಿ ರೈಲು ನಿಲ್ದಾಣದ ಹಾದಿ ಹಿಡಿದಳು. ಆಗ ಮತ್ತೆ ಟಿಣ್. ಒದ್ದೆಯಾಗಿ ಬಾಗಿಲಲ್ಲಿ ನಿಂತವರು ಜೋಶಿ ಅಂಕಲ್. ಭವನಕ್ಕೆ ಬಂದವರು ಐದು ಜನವಂತೆ. ಭಾಷಣ ಮುಗಿದು ಚಿತ್ರ ಶುರುವಾದ ಮೇಲೆ ತಾಯಿಯ ಮೊಣಕಾಲು ನೋಡಲು ಮನೆಗೆ ಹೋಗಿದ್ದಾರೆ. ಮನೆ ಖಾಲಿ. ಫೋನ್ ಮಾಡಿದರೆ ಅಜ್ಜಿ “ಡೇರ್ಯಾಗ ಇದ್ದೇನಿ” ಎಂದಷ್ಟೇ ಹೇಳಿ ಇಟ್ಟಿದ್ದರು.

ಅವರು ಕೌಂಟರಿನ ತನಕ ಬಂದು ಕ್ರೇಟುಗಳ ಸಾಲನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದರು.

“ಬಾಗಲಾ ಹಾಕು ಪಾಂಡು, ಥಂಡಿ ಬರಲಿಕ್ಕೆ ಹತ್ಯದ” ಎಂದರು ಅಜ್ಜಿ, ಪರದೆಯಿಂದ ಕಣ್ಣು ತೆಗೆಯದೆ. ಅಂಕಲ್ ಬಾಗಿಲು ಹಾಕಿ, ಫ್ರೀಜರಿಗೆ ಒರಗಿ ನಿಂತರು. ಕೂರಲು ಕ್ರೇಟು ಉಳಿದಿರಲಿಲ್ಲ.

ನಿಲ್ದಾಣ. ಉಗಿ. ರೋಸಾ ರೈಲಿನ ಮೆಟ್ಟಿಲಲ್ಲಿ. ದೂರದಲ್ಲಿ ತಾಯಿ, ಕೈಯಲ್ಲಿ ಬೂಟು. ಅವಳು ಓಡುವುದಿಲ್ಲ. ನಿಧಾನ ನಡೆದು ಬಂದು ಬೂಟನ್ನು ಮಗಳ ಕಾಲ ಬಳಿ ಇಟ್ಟು ಹಿಂದೆ ಸರಿದು ನಿಲ್ಲುತ್ತಾಳೆ. ರೈಲು ಹೊರಡುತ್ತದೆ. ಕ್ಯಾಮೆರಾ ತಾಯಿಯ ಮುಖದ ಮೇಲೆ ನಿಲ್ಲುತ್ತದೆ, ಕದಲುವುದೇ ಇಲ್ಲ. ಮಾತಿಲ್ಲ. ತುಟಿ ಅಲ್ಲಾಡುವುದಿಲ್ಲ. ಕೆಳಗೆ ಅಕ್ಷರವೂ ಇಲ್ಲ. ಉಗ್ರಾಣದಲ್ಲಿ ಫ್ರೀಜರ್ ಒಂದೇ ಮಾತಾಡುತ್ತಿತ್ತು.

“ಏನಂದ್ಲು?” ಎಂದರು ಅಂಬಕ್ಕಜ್ಜಿ.

ರೆಹಾನಾ ಆಂಟಿ ಪರದೆ ನೋಡಿದರು. ಒಂದು ಸಲ ಅಜ್ಜಿಯ ಕಾಲು ನೋಡಿದರು, ಮಗ ಕೊಡಿಸಿದ ದಪ್ಪ ಉಣ್ಣೆಯ ಚೀಲದಂಥ ಚಪ್ಪಲಿಗಳಲ್ಲಿದ್ದವು. ಆಮೇಲೆ ಯಾವ ಪಾತ್ರದ ದನಿಯನ್ನೂ ಮಾಡದೆ, ತಮ್ಮದೇ ದನಿಯಲ್ಲಿ ಅಂದರು:

“ಹಾಕ್ಕೊಂಡು ಹೋಗವಾ. ಅಲ್ಲಿ ನೆಲಾ ಥಂಡಿ ಇರತೈತಿ.”

ಯಾರೂ ಚಕ್ಕುಲಿ ಮುರಿಯಲಿಲ್ಲ. ಅಜ್ಜಿ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಪರದೆ ಕಪ್ಪಾಯಿತು.

ಫ್ರೀಜರಿನ ಬಳಿಯಿಂದ ಜೋಶಿ ಅಂಕಲ್ ಗಂಟಲು ಸರಿಮಾಡಿಕೊಂಡರು. “ಅಮ್ಮಾ, ಆ ದೃಶ್ಯದಾಗ ಮಾತಽ ಇಲ್ಲ. ತಾಯಿ ಏನೂ ಅನ್ನೂದಿಲ್ಲ.”

ಅಜ್ಜಿ ಆಗ ಮೊದಲ ಸಲ ತಿರುಗಿ ಮಗನನ್ನು ನೋಡಿದರು.

“ಅಂದ್ಲು,” ಎಂದರು. “ನಿನಗ ಕೇಳಸಲಿಲ್ಲ, ಅಷ್ಟ.”